ಕಡವೆಗೆ ಗೊತ್ತುಮಾಡಿದ ತೋಟೆ ತೆಂಗಿನಕಾಯಿಗೆ ಆಗುತ್ತದೆಯೇ?

ಕೈಲ್ ಮುಹೂರ್ತ ಹತ್ತಿರ ಬಂತೆಂದರೆ ನಮ್ಮ ಕೊಡಗಿನ ಕೋವಿ ಅಂಗಡಿಯಲ್ಲಿ ಗಿರಾಕಿ ಕೇಳುವ ಮಾತು ಒಂದೇ: "ಯಾವ ತೋಟೆ ಬಂದಿದೆ?" ಅಂಗಡಿಯವರು ತಿರುಗಿ ಕೇಳುವ ಮಾತೂ ಒಂದೇ: "ಯಾತಕ್ಕೆ ಬೇಕು?" ಇಲ್ಲಿಗೆ ಗಿರಾಕಿಯ ಬಾಯಿ ಕಟ್ಟುತ್ತದೆ. "ಹೀಗೇ... ಮನೇಲಿರ್ಲಿ ಅಂತ" ಎನ್ನುತ್ತಾನೆ.

ಮನೇಲಿರಲಿ ಎಂದು ಕೊಂಡ ಆ ತೋಟೆ ಮನೆಯ ಕೋವಿಗೆ ಹೊಂದುತ್ತದೆಯೇ? ಹಾರಿದ ಮೇಲೆ ಎಲ್ಲಿ ಹೋಗಿ ಬೀಳುತ್ತದೆ? ಇದನ್ನು ವಿಚಾರಿಸುವವರು ಕಡಿಮೆ. ಅಜ್ಜ ಕಡವೆಗೆಂದು ಗೊತ್ತುಮಾಡಿದ್ದ ಲೆಕ್ಕವನ್ನೇ ಮೊಮ್ಮಗ ಇವತ್ತು ತೆಂಗಿನಕಾಯಿಗೂ ಹಾಕುತ್ತಾನೆ, ಗದ್ದೆಗೆ ನುಗ್ಗುವ ಹಂದಿಗೂ ಹಾಕುತ್ತಾನೆ. ನಡುಕಾಡಿನಲ್ಲಿ ಸರಿಯಾಗಿದ್ದ ಲೆಕ್ಕ, ಲೈನ್‌ಮನೆ, ಹೋಂಸ್ಟೇ, ಡಾಂಬರು ರಸ್ತೆ ತುಂಬಿದ ಇವತ್ತಿನ ತೋಟದಲ್ಲಿ ಮನುಷ್ಯರ ಜೀವ ತೆಗೆಯುವ ಲೆಕ್ಕ. ಹಬ್ಬಕ್ಕೆ ಮುಂಚೆಯೇ ಇದನ್ನು ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

ಆರು ಗುಂಡಿನ ಆಸೆ

ಮೊದಲು ಹಳೆಯ ಲೆಕ್ಕ ಏನಿತ್ತು ನೋಡೋಣ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿರುವುದು 12 ಬೋರಿನ ಕೋವಿ. ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ. ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಬಾಯಿಗೆ ಸರಿಹೊಂದುವ 12 ಉಂಡೆ ಆಗುವುದಾದರೆ ಅದು 12 ಬೋರು. 16 ಉಂಡೆಯಾದರೆ 16 ಬೋರು. ಅಂದರೆ ಸಂಖ್ಯೆ ಏರಿದಷ್ಟೂ ನಳಿಗೆ ಸಣ್ಣ. ಇದು ಗೊತ್ತಿಲ್ಲದೆ "ನಂದು 16, ನಿಂದು ಬರೀ 12" ಎಂದು ಜಂಬ ಕೊಚ್ಚಿಕೊಳ್ಳುವವರೂ ಇದ್ದಾರೆ, ಇರಲಿ.

ಈ ಕೋವಿಗೆ ಹಾಕುವ ತೋಟೆಯೊಳಗೆ ಚರೆ ಇರುತ್ತದೆ. ನಂಬರು ಹೆಚ್ಚಿದಷ್ಟೂ ಚರೆ ಸಣ್ಣದು. ಕಾಡುಕೋಳಿಗೆ, ಪಾರಿವಾಳಕ್ಕೆ 4, 6 ನಂಬರು ಹಾಕುತ್ತಿದ್ದರು. ದೊಡ್ಡ ಪ್ರಾಣಿಗೆ ಎಸ್.ಜಿ. ಮತ್ತು ಎಲ್.ಜಿ. ಎಸ್.ಜಿ.ಯಲ್ಲಿ ಸಾಮಾನ್ಯವಾಗಿ 9 ಗುಂಡು, ಎಲ್.ಜಿ.ಯಲ್ಲಿ 6. ಎಲ್.ಜಿ.ಯ ಒಂದೊಂದು ಗುಂಡೂ ಸುಮಾರು 9 ಮಿ.ಮೀ. ದಪ್ಪ. ಆರು ಗುಂಡು ಒಟ್ಟಿಗೆ ಹಾರುವಾಗ ಒಂದಾದರೂ ತಗುಲದೇ ಇರುತ್ತದೆಯೇ ಎಂಬ ಆಸೆಯ ಮೇಲೆ ಎಲ್.ಜಿ.ಯ ಹೆಸರು ನಿಂತಿತ್ತು.

ಆಸೆ ದೊಡ್ಡದು, ಲೆಕ್ಕ ಬೇರೆ. ಚರೆ ಒಂದು ಗಜ ಮುಂದೆ ಹೋದರೆ ಹೆಚ್ಚುಕಡಿಮೆ ಒಂದು ಇಂಚು ಅಗಲಕ್ಕೆ ಹರಡುತ್ತದೆ ಎಂಬುದು ಬೇಟೆಗಾರರ ಸ್ಥೂಲ ಲೆಕ್ಕ. ಇಪ್ಪತ್ತು ಗಜದಲ್ಲಿ ಆರು ಗುಂಡೂ ಕಡವೆಯ ಭುಜದ ಮೇಲೆ ಕೂತಾವು. ನಲ್ವತ್ತೈವತ್ತು ಗಜಕ್ಕೆ ಹೋದಾಗ ಎರಡು ತಗುಲಿದರೆ ಅದೃಷ್ಟ. ಆ ಎರಡು ಎಲ್ಲಿಗೆ? ಒಂದು ಹೊಟ್ಟೆಗೆ, ಒಂದು ತೊಡೆಗೆ. ಬಲಿತ ಗಂಡು ಕಡವೆ ಇನ್ನೂರು ಕಿಲೋ ಮೀರುವ ಪ್ರಾಣಿ. ಹೊಟ್ಟೆಗೆ ಬಿದ್ದ ಒಂದು ಉಂಡೆಗೆ ಅದು ಬೀಳುವುದಿಲ್ಲ. ಓಡುತ್ತದೆ, ಎರಡು ದಿನ ಎಲ್ಲೋ ಲಂಟಾನದ ಮೆಳೆಯೊಳಗೆ ನರಳಿ ಸಾಯುತ್ತದೆ. ರಣಹದ್ದು ಇಳಿದ ಮೇಲೆಯೇ ಊರಿಗೆ ಗೊತ್ತಾಗುತ್ತಿದ್ದದ್ದು. ಹಳಬರಲ್ಲಿ ಮರ್ಯಾದಸ್ಥ ಬೇಟೆಗಾರರು ಇದನ್ನು ಬಲ್ಲವರಾಗಿದ್ದರು. "ಮೂವತ್ತು ಗಜದೊಳಗೆ ಬಂದ್ರೆ ಹೊಡಿ, ಇಲ್ಲಾಂದ್ರೆ ಬಿಡು" ಎಂಬುದು ಅವರ ಮಾತು. ಬಿಡುವುದನ್ನು ಕಲಿತವರು ಎಷ್ಟು ಮಂದಿ ಎಂಬುದು ಬೇರೆ ಪ್ರಶ್ನೆ.

.303ಕ್ಕೆ ನಿಷೇಧ, .315ಕ್ಕೆ ಅಪ್ಪಣೆ

ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ರೈಫಲ್ ಇತ್ತು. ಅದರಲ್ಲೂ ಹೆಚ್ಚಾಗಿ .315. ಈ ನಂಬರಿನ ಹಿಂದೆ ಒಂದು ಕತೆ ಇದೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ ತೋಟೆ ಹಾರಿಸುವ .303 ರೈಫಲ್ ಸಾಮಾನ್ಯ ಜನರ ಕೈಗೆ ಸಿಗಬಾರದೆಂದು ಕಟ್ಟಳೆ. ಸೈನ್ಯದ ಉಗ್ರಾಣದಿಂದ ಕದ್ದ ತೋಟೆ ಹೊರಗೆ ಉಪಯೋಗಕ್ಕೆ ಬರಬಾರದು ಎಂಬುದು ಸರ್ಕಾರದ ಮುಂಜಾಗ್ರತೆ. ಹಾಗಾಗಿ ಸೈನ್ಯದ ಲೀ-ಎನ್‌ಫೀಲ್ಡ್ ಮಾದರಿಯ ಯಂತ್ರಕ್ಕೇ ಬೇರೆ ಅಳತೆಯ ನಳಿಗೆ ಕೂರಿಸಿ, ಆಸ್ಟ್ರಿಯಾದ ಮಾನ್‌ಲಿಖರ್ 8 ಮಿ.ಮೀ. ತೋಟೆ ಹಾರಿಸುವಂತೆ ಮಾಡಿದರು. ಅದೇ .315. ಬ್ರಿಟಿಷರು ಹೋದ ಮೇಲೂ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ಇದು ತಯಾರಾಗುತ್ತಲೇ ಬಂತು. 12 ಬೋರಿನ ತೋಟೆ ಬರುತ್ತಿದ್ದದ್ದು ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯಿಂದ. "ಶಕ್ತಿಮಾನ್ ಎಕ್ಸ್‌ಪ್ರೆಸ್" ಎಂಬ ಹೆಸರು ಕೊಡಗಿನ ಮಕ್ಕಳಿಗೂ ಪರಿಚಯ. 2021ರ ಅಕ್ಟೋಬರಿನಲ್ಲಿ ಈ ಸರ್ಕಾರಿ ಕಾರ್ಖಾನೆಗಳೆಲ್ಲ ಏಳು ಕಂಪನಿಗಳಾಗಿ ಹಂಚಿಹೋದವು. ಪೆಟ್ಟಿಗೆಯ ಮೇಲಿನ ಹೆಸರು ಬದಲಾಯಿತು.

ರೈಫಲಿನ ತೋಟೆ ಆರಿಸುವಾಗ ನೋಡುತ್ತಿದ್ದದ್ದು ಗುಂಡಿನ ಮೂಗು. ಗುಂಡಿಗೆ ಪೂರ್ತಿ ಗಟ್ಟಿ ಲೋಹದ ಹೊದಿಕೆ ಇದ್ದರೆ ಅದು ಪ್ರಾಣಿಯ ಮೈಯೊಳಗೆ ಸೂಜಿಯಂತೆ ತೂರಿ ಆಚೆ ಹೊರಟುಹೋಗುತ್ತದೆ. ಮೂಗಿನಲ್ಲಿ ಸೀಸ ಕಾಣುವ ಮೆತ್ತನೆಯ ಗುಂಡಾದರೆ ತಗುಲಿದೊಡನೆ ಅಣಬೆಯಂತೆ ಅರಳಿ, ಬಲವನ್ನೆಲ್ಲ ಒಳಗೇ ಬಿಟ್ಟು ಕೆಡವುತ್ತದೆ. ಕಡವೆಗೆ ಮೆತ್ತನೆ ಮೂಗಿನ .315, ಅದೂ ಭುಜದ ಹಿಂದೆ, ನೂರು ಗಜದೊಳಗೆ. ತಿಳಿದವರ ಒಮ್ಮತ ಅಷ್ಟೇ. ಇದಕ್ಕಿಂತ ದೊಡ್ಡ ಶಾಸ್ತ್ರವೇನೂ ನಮ್ಮ ಕಾಡಿಗೆ ಬೇಕಿರಲಿಲ್ಲ.

ಆದರೆ ಇದೆಲ್ಲ ಇತಿಹಾಸ ಸ್ವಾಮಿ. ಇಲ್ಲಿಂದ ಮುಂದೆ ಸ್ವಲ್ಪ ಕಹಿ.

ವಿನಾಯಿತಿ ಕೋವಿಗೆ, ಬೇಟೆಗಲ್ಲ

ನಮ್ಮಲ್ಲಿ ಕೆಲವರು ಎರಡು ಬೇರೆ ಬೇರೆ ಕಾನೂನನ್ನು ಒಂದೇ ಚೀಲಕ್ಕೆ ತುಂಬುತ್ತಾರೆ. "ನಮಗೆ ಕೋವಿ ಹಕ್ಕು ಉಂಟಲ್ಲ, ಮತ್ತೇನು?" ಎನ್ನುತ್ತಾರೆ. ಕೋವಿಯ ಹಕ್ಕು ಉಂಟು, ನಿಜ. 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟ. ಸ್ವತಂತ್ರ ಭಾರತದಲ್ಲಿ 1959ರ ಆಯುಧ ಕಾಯಿದೆ ಬಂದ ಮೇಲೆ 1963ರ ಪ್ರಕಟಣೆಯಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿ ಹಾಕಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಜಿಲ್ಲೆಯ ಹೊರಗೆ ಒಯ್ಯುವಾಗ ಮಿತಿ ಉಂಟು: ಒಂದು ರೈಫಲ್, ಅದಕ್ಕೆ 100 ತೋಟೆ, ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟೆ ಅಥವಾ ಅಷ್ಟೇ ಲೆಕ್ಕದ ಮದ್ದು, ಚರೆ. ಇಷ್ಟೇ ವಿನಾಯಿತಿ.

ಇದರಲ್ಲಿ ಎಲ್ಲಾದರೂ ಕಡವೆ, ಜಿಂಕೆ, ಕಾಡುಕುರಿ ಎಂಬ ಶಬ್ದ ಇದೆಯೇ? ಇಲ್ಲ! ಅದು ಬೇರೆ ಕಾಯಿದೆಯ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗಲೂ ಲೈಸೆನ್ಸ್ ಪಡೆದು ಬೇಟೆಯಾಡುವುದಕ್ಕೆ ಒಂದು ಕಿಂಡಿ ಉಳಿದಿತ್ತು. 1991ರ ತಿದ್ದುಪಡಿಯಲ್ಲಿ ಆ ಕಿಂಡಿಯನ್ನೂ ಮುಚ್ಚಿದರು. ಅಲ್ಲಿಂದೀಚೆಗೆ ಇಡೀ ದೇಶದಲ್ಲಿ ಖುಷಿಗಾಗಿ ಆಡುವ ಬೇಟೆಗೆ ಅಪ್ಪಣೆ ಎಂಬುದೇ ಇಲ್ಲ. 2022ರ ತಿದ್ದುಪಡಿಯಲ್ಲಿ ದಂಡವನ್ನೂ ಏರಿಸಿದರು: ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ, ಮೊದಲನೇ ಪಟ್ಟಿಯ ಪ್ರಾಣಿಯಾದರೆ ಅಥವಾ ಅಭಯಾರಣ್ಯದೊಳಗಿನ ಬೇಟೆಯಾದರೆ ಕಡಿಮೆಯೆಂದರೂ ಮೂರು ವರ್ಷ, ಏಳು ವರ್ಷದವರೆಗೆ. ಅದಕ್ಕಿಂತ ಮುಖ್ಯವಾದ ಮಾತು, ಬೇಟೆಗೆ ಬಳಸಿದ ಕೋವಿಯೂ ಜೀಪೂ ಸರ್ಕಾರದ ಸ್ವತ್ತಾಗುತ್ತದೆ. ಮುತ್ತಜ್ಜನ ಕಾಲದ ಕೋವಿ ಒಂದು ಪಾಲು ಮಾಂಸದ ಆಸೆಗೆ ಇಲಾಖೆಯ ಉಗ್ರಾಣ ಸೇರಿದರೆ ಐನ್‌ಮನೆಯಲ್ಲಿ ಮುಖ ತೋರಿಸುವುದು ಹೇಗೆ?

ಇನ್ನೊಂದು ಸಂಗತಿ ಹಲವರಿಗೆ ತಿಳಿಯದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಬರಹದ ಅಪ್ಪಣೆ ಇಲ್ಲದೆ ಆಯುಧ ಹಿಡಿದು ಕಾಲಿಡುವುದೇ ಅಪರಾಧ, ಹೊಡೆಯಲಿ ಬಿಡಲಿ. ನೆಂಟರ ಮನೆಯ ಹಬ್ಬಕ್ಕೆಂದು ಕೋವಿಯನ್ನು ಜೀಪಿನ ಹಿಂದೆ ಹಾಕಿಕೊಂಡು ನಾಗರಹೊಳೆ ರಸ್ತೆ ಹಿಡಿಯುವವರು ಇದನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಹಂದಿಯ ವಿಚಾರ? ಗದ್ದೆ ಕೊಯ್ಲಿಗೆ ಬಂದಾಗ ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಉತ್ತು ಹಾಕುವ ಹಂದಿಯ ಮೇಲೆ ರೈತನಿಗೆ ಬರುವ ಸಿಟ್ಟು ನ್ಯಾಯವಾದದ್ದೇ. ಆದರೆ ಬೆಳೆ ಹಾಳುಮಾಡುವ ಪ್ರಾಣಿಯನ್ನೂ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಬರಹದಲ್ಲಿ ಅಪ್ಪಣೆ ಕೊಟ್ಟರೆ ಮಾತ್ರ ಹೊಡೆಯಬಹುದು. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ. ಆ ರಿಯಾಯಿತಿ ಜೀವಕ್ಕೆ ಮಾತ್ರ, ಬೆಳೆಗಲ್ಲ. ಕೇರಳದಲ್ಲಿ 2022ರಲ್ಲಿ ಈ ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿ, ನಗರಸಭೆಗಳ ಮುಖ್ಯಸ್ಥರಿಗೇ ಒಪ್ಪಿಸಿದರು. ನಮ್ಮವರು ಗಡಿಯಾಚೆ ನೋಡಿ ನಿಟ್ಟುಸಿರು ಬಿಡುತ್ತಾರೆ. ಬಿಡಲಿ. ಅಪ್ಪಣೆಯ ಕಾಗದ ಕೈಗೆ ಬರುವ ತನಕ ಬೆರಳು ಕುದುರೆಯಿಂದ ಆಚೆಗಿರಲಿ.

ಮೊದಲು ನಳಿಗೆಯ ಹೊಟ್ಟೆ ನೋಡಿ

ಹಾಗಾದರೆ ಕೋವಿಗೆ ಇವತ್ತು ಕೆಲಸವೇನು? ಕೈಲ್ ಮುಹೂರ್ತದ ಪೂಜೆ. ಅವತ್ತು ಕೋವಿ, ಒಡಿಕತ್ತಿ ಎಲ್ಲ ತೊಳೆದು ಒರೆಸಿ, ತೋಕ್ ಪೂ ಮುಡಿಸಿ, ಕಡಂಬುಟ್ಟು-ಪಂದಿಕರಿಯ ಊಟವಾದ ಮೇಲೆ ಮಂದಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವುದು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಈಡು. ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಇಷ್ಟಕ್ಕೆ ಎಂಥ ತೋಟೆ ಬೇಕು?

ತೋಟೆಗೆ ಮುಂಚೆ ಕೋವಿಯನ್ನೇ ನೋಡಬೇಕು. ನಮ್ಮ ಮನೆಗಳ ಹಳೆಯ ವಿಲಾಯತಿ ಜೋಡಿ ನಳಿಗೆಗಳಲ್ಲಿ ಬಹಳಷ್ಟರ ತೋಟೆ ಕೂರುವ ಮನೆ ಎರಡೂವರೆ ಇಂಚಿನದು, ಅಂದರೆ 65 ಮಿ.ಮೀ. ತೋಟೆಗೆ ಮಾಡಿದ್ದು. ಈಗ ಅಂಗಡಿಯಲ್ಲಿ ಧಾರಾಳವಾಗಿ ಸಿಗುವುದು 70 ಮಿ.ಮೀ., ಎರಡೂ ಮುಕ್ಕಾಲು ಇಂಚಿನದು. "ಸಲೀಸಾಗಿ ಒಳಗೆ ಹೋಗ್ತದೆ, ಬಾಗಿಲೂ ಮುಚ್ತದೆ, ಮತ್ತೇನು ತೊಂದ್ರೆ?" ಎನ್ನುತ್ತಾರೆ. ಮೋಸ ಇರುವುದೇ ಅಲ್ಲಿ! ತೋಟೆಯ ಬಾಯಿ ಮಡಚಿರುವಾಗ ಅದು ಗಿಡ್ಡ. ಹಾರಿದಾಗ ಮಡಿಕೆ ಬಿಚ್ಚಿಕೊಂಡು ಉದ್ದವಾಗುತ್ತದೆ. 70 ಮಿ.ಮೀ. ಎಂಬುದು ಬಿಚ್ಚಿದ ಮೇಲಿನ ಉದ್ದ. ಗಿಡ್ಡ ಮನೆಯಲ್ಲಿ ಆ ಮಡಿಕೆ ಬಿಚ್ಚಿ ನಳಿಗೆ ಕಿರಿದಾಗುವ ಕಡೆಗೆ ಚಾಚಿಕೊಳ್ಳುತ್ತದೆ, ಚರೆಗೆ ದಾರಿ ಇಕ್ಕಟ್ಟಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಒಮ್ಮೆ ತಡೆದೀತು, ಹತ್ತು ಸಲ ತಡೆದೀತು. ತಡೆಯದ ದಿನ ಎಡಗೈಯ ಬೆರಳು ಹೋಗುತ್ತದೆ, ಕಣ್ಣು ಹೋಗುತ್ತದೆ.

ಅದಕ್ಕಿಂತ ಹಳೆಯದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿ ಮಾಡಿ ಸುತ್ತಿ ಬೆಸೆದದ್ದು. ಒರೆಸಿ ಬಿಸಿಲಿಗೆ ಹಿಡಿದರೆ ಹಾವಿನ ಪೊರೆಯಂತೆ ಚಿತ್ತಾರ ಕಾಣುತ್ತದೆ. ನೋಡಲು ಬಹಳ ಚೆಂದ. ಆದರೆ ಇವು ಹೊಗೆಯ ಕಪ್ಪು ಮದ್ದಿನ ಕಾಲದವು. ಇಂದಿನ ಹೊಗೆಯಿಲ್ಲದ ಮದ್ದಿನ ತೋಟೆಯನ್ನು ಇದಕ್ಕೆ ತುಂಬುವುದು ಅಜ್ಜನ ಎತ್ತಿನಗಾಡಿಗೆ ಲಾರಿಯ ಇಂಜಿನ್ ಕೂರಿಸಿದ ಹಾಗೆ. ನಳಿಗೆಯನ್ನು ಮರದಿಂದ ಬಿಚ್ಚಿ ಹೊಟ್ಟೆಯ ಕಡೆ ನೋಡಿ, ಸಣ್ಣ ಸಣ್ಣ ಮುದ್ರೆ ಇರುತ್ತದೆ. "ನೈಟ್ರೋ ಪ್ರೂಫ್" ಎಂಬ ಮುದ್ರೆ, ಪಕ್ಕದಲ್ಲಿ ಇಂಚಿನ ಅಳತೆ ಇದ್ದರೆ ಅದೇ ಅದರ ಜಾತಕ. ಕೆಲವು ಹಳೆಯ ಕೋವಿಗಳ ಮೇಲೆ "ನಾಟ್ ಫಾರ್ ಬಾಲ್" ಎಂದು ಬರೆದಿರುತ್ತದೆ. ಆ ನಳಿಗೆಯ ತುದಿ ಕಿರಿದು ಮಾಡಿದ್ದು, ಒಂಟಿಗುಂಡಿನ ತೋಟೆ ಹಾಕಬೇಡಿ ಎಂದು ಮಾಡಿದವನೇ ಕೈಮುಗಿದು ಹೇಳಿದ್ದಾನೆ. ಮುದ್ರೆ ಓದಲು ಬಾರದಿದ್ದರೆ ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ಸಂಶಯ ಉಳಿದ ಕೋವಿಗೆ ಹೂ ಮುಡಿಸಿ ಪೂಜೆ ಮಾಡಿ, ಹಾರಿಸಬೇಡಿ. ಮರ್ಯಾದೆಗೇನೂ ಕುಂದಿಲ್ಲ.

ಈಗ ತೆಂಗಿನಕಾಯಿಯ ಮಾತು. ಸ್ಪರ್ಧೆ ನಡೆಸುವವರು ಯಾವ ಕೋವಿ, ಯಾವ ತೋಟೆ, ಎಷ್ಟು ದೂರ ಎಂದು ಗೊತ್ತುಮಾಡಿರುತ್ತಾರೆ. ಅಲ್ಲಿ ಅದೇ ಶಾಸನ. ಮನೆಯ ಅಂಗಳದಲ್ಲಿ ನೆಂಟರಿಷ್ಟರು ಸೇರಿ ಹೊಡೆಯುವಲ್ಲೇ ತಕರಾರು. ಅಲ್ಲಿ ಎಲ್.ಜಿ. ತುಂಬುವವರನ್ನು ಕಂಡರೆ ನನಗೆ ನಗುವೂ ಬರುತ್ತದೆ, ಹೆದರಿಕೆಯೂ ಆಗುತ್ತದೆ. ಮೂವತ್ತು ಗಜದಲ್ಲಿ ಆರು ಗುಂಡು ಮೊರದಗಲಕ್ಕಿಂತ ಹೆಚ್ಚು ಹರಡಿರುತ್ತದೆ. ಕಾಯಿಗೆ ಒಂದು ತಗುಲಿದರೆ ಅದು ಗುರಿಗಾರನ ಕೈಚಳಕವಲ್ಲ, ಲಾಟರಿ. ಉಳಿದ ಐದು? ಎಲ್.ಜಿ. ಗುಂಡು ಬಿಲ್ಲಿನ ದಾರಿಯಲ್ಲಿ ಹೋದರೆ ಏಳುನೂರು ಗಜಕ್ಕೂ ಮೇಲೆ ಹೋಗಿ ಬೀಳುತ್ತದೆ. ಕೋಳಿಗೆ ಹಾಕುವ 4 ನಂಬರಿನ ಚರೆ ಇನ್ನೂರೈವತ್ತು ಗಜದ ಆಸುಪಾಸಿನಲ್ಲಿ ಸುಸ್ತಾಗುತ್ತದೆ. ವ್ಯತ್ಯಾಸ ನೋಡಿ!

ಗುರಿಯ ಪರೀಕ್ಷೆಯೇ ಬೇಕಾದರೆ .22 ರೈಫಲ್ ಸರಿ. ಸದ್ದು ಕಡಿಮೆ, ಒದೆ ಇಲ್ಲ, ಹೆಂಗಸರು ಮಕ್ಕಳೂ ಹೊಡೆಯಬಹುದು. ಆದರೆ "ಸಣ್ಣದು ತಾನೇ" ಎಂದು ಸಸಾರ ಮಾಡಬಾರದು. ಆ ಕಡಲೆಬೀಜದಷ್ಟಿನ ಗುಂಡು ಒಂದೂವರೆ ಮೈಲಿ ದೂರದವರೆಗೂ ಅಪಾಯಕಾರಿ ಎಂದು ತೋಟೆಯ ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ. .315 ಅದಕ್ಕಿಂತ ಬಹಳ ದೂರ ಹೋಗುತ್ತದೆ. ಆದ್ದರಿಂದ ಮರದ ತುದಿಯಲ್ಲಿ ಕಟ್ಟಿದ ಕಾಯಿಗೆ ರೈಫಲ್ ಎತ್ತುವ ಹಳೆಯ ಪದ್ಧತಿ ಇವತ್ತಿಗೆ ಹೇಳಿದ್ದಲ್ಲ. ಆ ಗುಂಡು ಆಕಾಶದಲ್ಲಿ ಉಳಿಯುವುದಿಲ್ಲ, ಪಕ್ಕದ ಊರಿನಲ್ಲಿ ಇಳಿಯುತ್ತದೆ. ಕಾಯಿಯನ್ನು ಎತ್ತರದ ಮಣ್ಣಿನ ಬರೆಯ ಬುಡದಲ್ಲಿ ಇಡಿ, ಬರೆಯಲ್ಲಿ ಕಲ್ಲುಬಂಡೆ ಇರಬಾರದು. ಹೊಡೆಯುವವನ ಹಿಂದೆ ಜನ, ಪಕ್ಕದಲ್ಲಿ ಯಾರೂ ಇಲ್ಲ.

ಹುಟ್ಟಿಗೆ, ಸಾವಿಗೆ, ಪುತ್ತರಿಗೆ ಹಾರಿಸುವ ಈಡಿಗೆ ಗುಂಡೇ ಬೇಡ. ಅದು ಸುದ್ದಿ ಮುಟ್ಟಿಸುವ ಸದ್ದು. ಕೇಪಿನ ಕೋವಿಯಾದರೆ ಬರೀ ಮದ್ದಿನ ಈಡು ಸಾಕು. 2019ರ ಆಯುಧ ಕಾಯಿದೆ ತಿದ್ದುಪಡಿಯಲ್ಲಿ ಸಮಾರಂಭಗಳಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು ಸೇರಿಸಿದ್ದಾರೆ. ಉತ್ತರದ ಕಡೆಯ ಮದುವೆ ದಿಬ್ಬಣಗಳನ್ನು ಕಣ್ಣಲ್ಲಿಟ್ಟು ಮಾಡಿದ ಕಲಮು ಎನ್ನಬಹುದು, ಆದರೆ ಕಾನೂನಿನ ಪುಸ್ತಕದಲ್ಲಿ ಊರಿನ ಹೆಸರು ಬರೆದಿಲ್ಲ.

ದುರ್ಬೀನಿನ ಹುಚ್ಚು

ಇತ್ತೀಚೆಗೆ ಹುಡುಗರಿಗೆ ಹೊಸ ಹುಚ್ಚು, ದುರ್ಬೀನು. ಸಿನಿಮಾದಲ್ಲಿ ನೋಡಿದ್ದು. ದಕ್ಷಿಣ ಕೊಡಗಿನ ಒಂದು ಐನ್‌ಮನೆಯ ಜಗುಲಿಯಲ್ಲಿ ಕಿವಿಗೆ ಬಿದ್ದ ಮಾತು ಇದು.

"ಅಜ್ಜ, ಈ .315ಕ್ಕೆ ಒಂದು ದುರ್ಬೀನು ಹಾಕ್ಸಿದ್ರೆ ಹೇಗೆ? ಇನ್ನೂರು ಗಜದಿಂದ ಹೊಡೀಬಹುದಂತೆ."

"ಇನ್ನೂರು ಗಜ ಕಾಣೋ ಜಾಗ ನಮ್ಮ ತೋಟದಲ್ಲಿ ಎಲ್ಲುಂಟು ಕುಂಞಿ? ಮೊದ್ಲು ಅದನ್ನ ತೋರ್ಸು."

ಹುಡುಗ ಸುಮ್ಮನಾದ. ಅಜ್ಜ ಹೇಳಿದ್ದರಲ್ಲೇ ಇಡೀ ಶಾಸ್ತ್ರ ಇದೆ. ದುರ್ಬೀನು ದೂರವನ್ನು ಹತ್ತಿರ ಮಾಡುತ್ತದೆ, ಆದರೆ ನೋಟವನ್ನು ಕಿರಿದು ಮಾಡುತ್ತದೆ. ನಾಲ್ಕು ಪಟ್ಟು ದೊಡ್ಡದು ಮಾಡುವ ದುರ್ಬೀನಿನಲ್ಲಿ ನೂರು ಗಜದಾಚೆ ಸುಮಾರು ಮೂವತ್ತು ಅಡಿ ಅಗಲ ಕಾಣುತ್ತದೆ. ಅದೇ ಮೂವತ್ತು ಗಜದಲ್ಲಿ ಒಂಬತ್ತು ಅಡಿ. ಒಂಬತ್ತು ಪಟ್ಟಿನದಾದರೆ ನಾಲ್ಕಡಿ ಕಾಣುವುದೂ ಕಷ್ಟ. ಕಾಫಿ ಗಿಡದ ಸಾಲಿನಲ್ಲಿ, ಬಿದಿರು ಮೆಳೆಯಲ್ಲಿ ಆ ನಾಲ್ಕಡಿಯ ಆಚೆ ಯಾರು ನಿಂತಿದ್ದಾರೆಂದು ನೋಡುವವನಿಗೆ ಗೊತ್ತೇ ಆಗುವುದಿಲ್ಲ. ಅಮೆರಿಕದ ಬಯಲಿನಲ್ಲಿ, ಸ್ಕಾಟ್‌ಲೆಂಡಿನ ಬೋಳು ಗುಡ್ಡದಲ್ಲಿ ಜಿಂಕೆ ಹೊಡೆಯುವವರಿಗೆ ದುರ್ಬೀನು ಬೇಕು. ಅಲ್ಲಿ ನೋಟಕ್ಕೆ ಅಡ್ಡಿಯಿಲ್ಲ, ಬೇಟೆಗೆ ಋತು ಇದೆ, ಕಾನೂನಿನ ಒಪ್ಪಿಗೆ ಇದೆ. ನಮ್ಮ ಹಳುವಿನಲ್ಲಿ ನಳಿಗೆ ತುದಿಯ ಮಣಿಯೇ ಸಾಕಾಗುತ್ತಿತ್ತು.

ಬಯಲಿನ ಗುರಿ ಅಭ್ಯಾಸಕ್ಕೆ, ಸ್ಪರ್ಧೆಗೆ ಒಪ್ಪಿಗೆ ಇದ್ದಲ್ಲಿ, ದುರ್ಬೀನು ಕೊಳ್ಳುವುದಾದರೆ ದೊಡ್ಡ ನಂಬರಿಗೆ ಮರುಳಾಗಬೇಡಿ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ ನೋಡಿ. 32 ಮಿ.ಮೀ. ಗಾಜು, 4 ಪಟ್ಟು: ಭಾಗಲಬ್ಧ 8. ಅಂದರೆ ಕಣ್ಣಿಗೆ ಬರುವ ಬೆಳಕಿನ ದಂಡ 8 ಮಿ.ಮೀ. ದಪ್ಪ. ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ ಅರಳುವುದು ಹರೆಯದವರಿಗೆ 7 ಮಿ.ಮೀ., ವಯಸ್ಸಾದವರಿಗೆ 5ರ ಹತ್ತಿರ. 40 ಮಿ.ಮೀ. ಗಾಜಿಗೆ 12 ಪಟ್ಟು ಹಾಕಿದರೆ ಮೂರು ಚಿಲ್ಲರೆ. ಮೋಡದ ದಿನ ಕತ್ತಲೆಯೇ ಕಾಣುವುದು. ನಮ್ಮ ಮಂಜು-ಮಳೆಯಲ್ಲಿ ಒಳಗೆ ನೈಟ್ರೋಜನ್ ತುಂಬಿ ಮುಚ್ಚದ ಅಗ್ಗದ ದುರ್ಬೀನು ಆಟಿ ತಿಂಗಳಲ್ಲಿ ಒಳಗಿನಿಂದಲೇ ಬೆವರುತ್ತದೆ. .22ಕ್ಕೆಂದು ಮಾಡಿದ್ದನ್ನು .315ರ ಮೇಲೆ ಕೂರಿಸಿದರೆ ಒದೆತಕ್ಕೆ ಒಳಗಿನ ಗೆರೆ ಸಡಿಲವಾಗುತ್ತದೆ. ಕಣ್ಣನ್ನು ಮೂರು ಇಂಚಾದರೂ ಹಿಂದಿಡದಿದ್ದರೆ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಖಾತ್ರಿ.

ಕೂರಿಸಿದರೆ ಮುಗಿಯಲಿಲ್ಲ, ಗುರಿ ಹೊಂದಿಸಬೇಕು. ಹೆಚ್ಚಿನ ದುರ್ಬೀನುಗಳ ತಿರುಪಿನ ಒಂದು "ಟಿಕ್" ನೂರು ಗಜದಲ್ಲಿ ಕಾಲು ಇಂಚು. ಇಪ್ಪತ್ತೈದು ಗಜದಲ್ಲಿ ಅದೇ ಕಾಲು ಇಂಚಿಗೆ ನಾಲ್ಕು ಟಿಕ್ ಬೇಕು. ಮೂರು ಗುಂಡು ಹೊಡೆದು, ಮೂರರ ನಡುವಿನ ಬಿಂದು ನೋಡಿ ತಿರುಪು ತಿರುಗಿಸಿ. ಒಂದೊಂದು ಗುಂಡಿಗೂ ತಿರುಗಿಸಿದವನ ತೋಟೆ ಖಾಲಿಯಾಗುತ್ತದೆ, ಗುರಿ ಕೂರುವುದಿಲ್ಲ. ತೋಟೆಯ ಜಾತಿ ಬದಲಾದರೆ ಮತ್ತೆ ಮೊದಲಿನಿಂದ. ಹಳೆಯ .315ಕ್ಕೆ ಕಾರ್ಖಾನೆಯಲ್ಲಿ ದುರ್ಬೀನಿಗೆ ಜಾಗ ಮಾಡಿ ಕೊಟ್ಟಿಲ್ಲ. ತೂತು ಕೊರೆಯುವ ಮುಂಚೆ ಡಿ.ಸಿ. ಕಚೇರಿಯ ಆಯುಧ ಶಾಖೆಯಲ್ಲಿ ಕೇಳಿಕೊಳ್ಳಿ. ಊರ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ.

ಕಪ್ಪಗೆ ಕಂಡದ್ದೆಲ್ಲ ಹಂದಿಯಲ್ಲ

ತೋಟೆ, ದುರ್ಬೀನು, ಮುದ್ರೆ ಎಲ್ಲ ಸರಿ ಇದ್ದೂ ಅನಾಹುತ ಆಗುವ ಜಾಗ ಒಂದಿದೆ. ನಳಿಗೆಗೆ ಟಾರ್ಚ್ ಕಟ್ಟಿಕೊಂಡು ರಾತ್ರಿ ತೋಟ ಕಾಯುವುದು. ಗಿಡದ ಬುಡದಲ್ಲಿ ಏನೋ ಅಲುಗಿತು, ಕಪ್ಪಗೆ ಕಂಡಿತು, ಹೊಡೆದಾಯಿತು. ಬೆಳಕು ಬಿಟ್ಟು ನೋಡಿದರೆ ಮನುಷ್ಯ. ಹಂದಿಯೆಂದು ತಿಳಿದು ಹೊಡೆದದ್ದು ಜೊತೆಗೆ ಬಂದವನಿಗೇ ತಗುಲಿತು ಎಂಬ ಸುದ್ದಿಯನ್ನು ಮಲೆನಾಡಿನ ಪತ್ರಿಕೆಗಳು ಮತ್ತೆ ಮತ್ತೆ ಅಚ್ಚು ಹಾಕಿವೆ. ಸತ್ತವನು ಹೆಚ್ಚಾಗಿ ಬಡವ. ಹೊಡೆದವನು ಹೆಚ್ಚಾಗಿ ಸ್ನೇಹಿತ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಐದು ವರ್ಷದವರೆಗೆ ಜೈಲು. ಹಿಂದೆ ಎರಡು ವರ್ಷ ಇತ್ತು.

ಕಣ್ಣು ಹೊಳೆಯಿತು ಎಂದು ಹೊಡೆಯುವವರೂ ಇದ್ದಾರೆ. ದನದ ಕಣ್ಣೂ ಹೊಳೆಯುತ್ತದೆ, ನಾಯಿಯ ಕಣ್ಣೂ ಹೊಳೆಯುತ್ತದೆ. ಬಗ್ಗಿ ಕುಳಿತ ಮನುಷ್ಯನ ಕಣ್ಣು ಮಾತ್ರ ಹಾಗೆ ಹೊಳೆಯುವುದಿಲ್ಲ. ಪೂರ್ತಿ ಪ್ರಾಣಿ ಕಾಣದೆ, ಅದರ ಹಿಂದೆ ಏನಿದೆಯೆಂದು ಕಾಣದೆ ಕುದುರೆ ಎಳೆಯಬಾರದು. ಬರಹದ ಅಪ್ಪಣೆ ಪಡೆದು ಬೆಳೆ ಕಾಯುವವನಾದರೂ ಅಟ್ಟಣೆ ಹತ್ತಿ ಕೂತು ನೆಲದ ಕಡೆಗೆ ಹೊಡೆಯುವುದು ಲೇಸು, ಗುಂಡು ಮಣ್ಣು ಸೇರುತ್ತದೆ. ಸಮಮಟ್ಟದಲ್ಲಿ ನಿಂತು ಲೈನ್‌ಮನೆಯ ದಿಕ್ಕಿಗೆ ಎಲ್.ಜಿ. ಹಾರಿಸುವವನು ಯಾವ ಜಾತಿಯ ಬೇಟೆಗಾರನೂ ಅಲ್ಲ.

ಕೊನೆಗೆ ಪೆಟ್ಟಿಗೆಯ ತಳದಲ್ಲಿರುವ ಹಳೆಯ ತೋಟೆಗಳ ವಿಚಾರ. ನಮ್ಮ ಮಳೆಗಾಲ ಕಾಗದದ ತೋಟೆಯನ್ನು ಊದಿಸುತ್ತದೆ, ಹಿತ್ತಾಳೆಗೆ ಹಸಿರು ಹಿಡಿಸುತ್ತದೆ. ಊದಿದ್ದನ್ನು ಒತ್ತಿ ತುರುಕಬೇಡಿ. "ಟಕ್" ಎಂದು ಸದ್ದಾಗಿ ಈಡು ಹಾರದಿದ್ದರೆ ತಕ್ಷಣ ಕೋವಿ ಬಿಚ್ಚಬೇಡಿ. ನಳಿಗೆಯನ್ನು ಮಣ್ಣಿನ ಬರೆಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆಗೆಯಿರಿ. "ಪುಸ್" ಎಂದು ಸಪ್ಪೆ ಸದ್ದಾದರೆ ಇನ್ನೂ ಜಾಗ್ರತೆ, ಒಳಗಿನ ಬೆಣೆ ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತದೆ. ತೋಟೆ ತೆಗೆದು, ಹಿಂದಿನಿಂದ ಬೆಳಕು ಕಾಣುತ್ತದೆಯೇ ನೋಡಿ ಮುಂದುವರಿಯಿರಿ. ಕೆಟ್ಟ ತೋಟೆಗಳನ್ನು ಒಲೆಗೆ ಹಾಕುವುದು, ಕಸದ ಗುಂಡಿಯಲ್ಲಿ ಹೂಳುವುದು, ಕೆರೆಗೆ ಎಸೆಯುವುದು ಬೇಡ. ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಹತ್ತಿರದ ಪೊಲೀಸ್ ಠಾಣೆಯಲ್ಲೋ ವಿಚಾರಿಸಿ ಒಪ್ಪಿಸಿ, ಹಬ್ಬಕ್ಕೆ ಮುಂಚೆಯೇ.